ಚೈನ್ ಸಾ ಕಾರ್ಬೊರೇಟರ್: ಸ್ಕ್ರೂ ತಿರುಗಿಸುವ ಮೊದಲು, ತಿರುಗಿಸುವಾಗ, ಬಿಚ್ಚಿದಾಗ

ಮಲೆನಾಡಿನಲ್ಲಿ ಮಳೆಗಾಲದ ಮೊದಲ ಗಾಳಿ ಬೀಸಿದ ಮರುದಿನ ಬೆಳಿಗ್ಗೆ ನನಗೆ ಫೋನ್ ಬರುವುದು ಮಾಮೂಲು. ತೋಟದ ದಾರಿಗೆ ಮರ ಬಿದ್ದಿರುತ್ತದೆ. ಬೇಸಿಗೆಯಿಂದ ಅಟ್ಟದಲ್ಲಿದ್ದ ಚೈನ್ ಸಾ ಇಳಿಸಿ ಹಗ್ಗ ಎಳೆದರೆ ಸ್ಟಾರ್ಟೇ ಆಗುವುದಿಲ್ಲ. ಅಥವಾ ಸ್ಟಾರ್ಟ್ ಆಗಿ, ಥ್ರಾಟಲ್ ಒತ್ತಿದ ಕೂಡಲೇ ಸಾಯುತ್ತದೆ. "ಕಾರ್ಬೊರೇಟರ್ ಹೋಗಿದೆ ಮಾರಾಯ್ರೆ, ಸ್ಕ್ರೂ ಎಷ್ಟು ತಿರುಗಿಸ್ಬೇಕು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಸ್ಕ್ರೂ ಮುಟ್ಟಿದ್ರಾ?" ಮುಟ್ಟಿಲ್ಲ ಅಂತ ಹೇಳಿದರೆ ಅರ್ಧ ಕೆಲಸ ಕಡಿಮೆಯಾದ ಹಾಗೆ.

ಯಾಕೆ ಅಂದರೆ, ನಾನು ಮುಟ್ಟಿ ಕೆಟ್ಟವನು. ಕೆಲವು ವರ್ಷಗಳ ಹಿಂದೆ ನನ್ನ 52 ಸಿಸಿ ಮಿಷನ್ ಯಾಕೋ ಮಂಕಾಗಿದೆ ಅನಿಸಿತು. ಕಾರ್ಬೊರೇಟರ್ ಅಂದರೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸಿ ಇಂಜಿನ್‌ಗೆ ಕೊಡುವ ಭಾಗ. ಅದರಲ್ಲಿ ಎಚ್ ಅಂತ ಬರೆದ, ಪೆಟ್ರೋಲ್ ಅಳತೆ ಬದಲಿಸುವ ಸ್ಕ್ರೂವನ್ನು ಅರ್ಧ ಸುತ್ತು ಬಲಕ್ಕೆ ತಿರುಗಿಸಿದೆ. ಸದ್ದು ಚುರುಕಾಯಿತು, ಚೈನ್ ಹಾರುವಂತೆ ಓಡಿತು. ಖುಷಿಯಲ್ಲಿ ಒಂದು ಸಿಲ್ವರ್ ಓಕ್ ದಿಮ್ಮಿ ಕುಯ್ಯಲು ಶುರು ಮಾಡಿದೆ. ಕಾಲು ಗಂಟೆಯಲ್ಲಿ ಮಿಷನ್ ಒಮ್ಮೆಲೇ ನಿಂತಿತು, ಹಗ್ಗ ಎಳೆಯಲೂ ಬರಲಿಲ್ಲ. ಬಿಚ್ಚಿ ನೋಡಿದಾಗ ಪಿಸ್ಟನ್ನಿನ ಸೈಲೆನ್ಸರ್ ಕಡೆಯ ಮೈ ಮೇಲೆ ಉದ್ದುದ್ದ ಗೀರುಗಳು, ಉಗುರಿನಲ್ಲಿ ಮುಟ್ಟಿದರೆ ಸಿಕ್ಕಿಹಾಕಿಕೊಳ್ಳುವಷ್ಟು ಆಳ. ಸಿಲಿಂಡರ್, ಪಿಸ್ಟನ್ ಎರಡೂ ಬದಲಾಯಿಸಬೇಕಾಯಿತು.

ಆದದ್ದು ಇಷ್ಟೇ. ಚೈನ್ ಸಾ ಟು-ಸ್ಟ್ರೋಕ್ ಇಂಜಿನ್. ಅದರ ಒಳಗಿನ ಭಾಗಗಳಿಗೆ ಎಣ್ಣೆ ಸಿಗುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆ, ಬಿಸಿ ಮಾತ್ರ ಜಾಸ್ತಿ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಜಾಸ್ತಿಯಾದ ಸ್ಥಿತಿಗೆ ಮೆಕ್ಯಾನಿಕ್‌ಗಳು ಲೀನ್ ಅನ್ನುತ್ತಾರೆ. ಪೆಟ್ರೋಲ್ ಜಾಸ್ತಿಯಾದರೆ ರಿಚ್. ರಿಚ್ ಆದ ಮಿಷನ್ ಹೊಗೆ ಬಿಡುತ್ತದೆ, ಪ್ಲಗ್ ಕಪ್ಪಾಗುತ್ತದೆ, ಆದರೆ ಬದುಕಿರುತ್ತದೆ. ಲೀನ್ ಆದದ್ದು ಸಾಯುವ ಮೊದಲು ಬಹಳ ಚೆನ್ನಾಗಿ ಓಡುತ್ತದೆ. ಮೋಸ ಇರುವುದು ಅಲ್ಲೇ.

ಮೊದಲು ಪೆಟ್ರೋಲ್ ನೋಡಿ

2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿತು. ಅಂದರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ. ಹೆಚ್ಚಿನ ಚೈನ್ ಸಾ ಮ್ಯಾನುಯಲ್‌ಗಳಲ್ಲಿ ಎಥನಾಲ್ 10% ಮೀರಬಾರದು ಎಂದಿರುತ್ತದೆ. ನಿಮ್ಮದರಲ್ಲಿ ಎಷ್ಟಿದೆ ಅಂತ ಒಮ್ಮೆ ತೆರೆದು ನೋಡಿ.

ಎಥನಾಲ್‌ನಿಂದ ನಮಗೆ ಎರಡು ತೊಂದರೆ. ಒಂದು, ಅದರಲ್ಲಿ ಆಮ್ಲಜನಕ ಸೇರಿಕೊಂಡೇ ಇರುತ್ತದೆ. ಹಾಗಾಗಿ ಹಳೆಯ ಪೆಟ್ರೋಲ್‌ಗೆ ಹದ ಮಾಡಿದ್ದ ಕಾರ್ಬೊರೇಟರ್, ಯಾರೂ ಮುಟ್ಟದೆ ಇದ್ದರೂ ಸ್ವಲ್ಪ ಲೀನ್ ಆಗುತ್ತದೆ. ಎರಡನೆಯದು ಮಳೆನಾಡಿನವರಿಗೆ ಇನ್ನೂ ಮುಖ್ಯ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಜಾಸ್ತಿ ನೀರು ಸೇರಿದರೆ ನೀರು ಮತ್ತು ಎಥನಾಲ್ ಒಟ್ಟಾಗಿ ಬೇರೆ ಪದರವಾಗಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿಯುತ್ತದೆ. ಟ್ಯಾಂಕಿನ ಫಿಲ್ಟರ್ ಇರುವುದು ತಳದಲ್ಲಿ. ಅದು ಎಳೆಯುವುದು ಎಣ್ಣೆಯಿಲ್ಲದ ಆ ನೀರನ್ನೇ.

ಆದ್ದರಿಂದ ಮೊದಲ ಕೆಲಸ: ಟ್ಯಾಂಕಿನಲ್ಲಿರುವುದನ್ನು ಪೂರ್ತಿ ಒಂದು ಗಾಜಿನ ಬಾಟಲಿಗೆ ಸುರಿದು ಬೆಳಕಿಗೆ ಹಿಡಿಯಿರಿ. ತಳದಲ್ಲಿ ಬೇರೆ ಪದರ ಕಂಡರೆ, ಹುಳಿ ವಾಸನೆ ಬಂದರೆ, ತಿಂಗಳುಗಟ್ಟಲೆ ಹಳೆಯದಾಗಿದ್ದರೆ ಅದನ್ನು ಮತ್ತೆ ಹಾಕಬೇಡಿ. ಹೊಸದಾಗಿ ಬೆರೆಸಿ. 50:1 ಅಂದರೆ 1 ಲೀಟರ್ ಪೆಟ್ರೋಲ್‌ಗೆ 20 ಮಿಲಿ ಟು-ಟಿ ಆಯಿಲ್. 25:1 ಅಂದರೆ 40 ಮಿಲಿ. ನಿಮ್ಮ ಮಿಷನ್‌ಗೆ ಯಾವುದು ಅಂತ ಮ್ಯಾನುಯಲ್ ಹೇಳುತ್ತದೆ. ಮುಚ್ಚಳದ ಅಳತೆ ಬೇಡ. ಮೆಡಿಕಲ್ ಶಾಪ್‌ನಲ್ಲಿ 20 ಮಿಲಿ ಸಿರಿಂಜ್ ಎರಡು ತನ್ನಿ, ಒಂದು ಇದಕ್ಕೆ. ಇನ್ನೊಂದು ಮುಂದೆ ಬೇಕಾಗುತ್ತದೆ. "ಆಯಿಲ್ ಸ್ವಲ್ಪ ಜಾಸ್ತಿ ಇರಲಿ, ಇಂಜಿನ್‌ಗೆ ಒಳ್ಳೇದು" ಅಂತ ಸುಮ್ನೆ ಸುರಿಯುವವರಿದ್ದಾರೆ. ಆಯಿಲ್ ಜಾಸ್ತಿಯಾದಷ್ಟೂ ಅದೇ ಅಳತೆಯಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಸೈಲೆನ್ಸರ್‌ನಲ್ಲಿ ಮಸಿಯೂ ಕಟ್ಟುತ್ತದೆ.

ಕಾರ್ಬೊರೇಟರ್ ಅಲ್ಲದ ಕಾರಣಗಳು

ನನ್ನ ಬಳಿ ಬರುವ ಮಿಷನ್‌ಗಳಲ್ಲಿ ಬಹಳಷ್ಟರ ಕಾರ್ಬೊರೇಟರ್‌ಗೆ ಏನೂ ಆಗಿರುವುದಿಲ್ಲ. ಏರ್ ಫಿಲ್ಟರ್‌ನಲ್ಲಿ ಮರದ ಹಿಟ್ಟು ಎಣ್ಣೆ ಜೊತೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಗಾಳಿ ಬರದೆ ಮಿಷನ್ ರಿಚ್ ಆಗುತ್ತದೆ, ಅದನ್ನು ನೋಡಿ ಸ್ಕ್ರೂ ಬಿಗಿ ಮಾಡುತ್ತಾರೆ. ಆಮೇಲೆ ಯಾವತ್ತೋ ಫಿಲ್ಟರ್ ತೊಳೆದಾಗ ಅದೇ ಮಿಷನ್ ಲೀನ್ ಆಗಿ ಸುಡುತ್ತದೆ. ಫಿಲ್ಟರ್ ಸ್ವಚ್ಛ ಮಾಡದೆ ಸ್ಕ್ರೂ ಮುಟ್ಟಲೇಬೇಡಿ.

ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸಾಯುತ್ತದೆ, ಟ್ಯಾಂಕಿನ ಮುಚ್ಚಳ ತೆಗೆದರೆ ಉಸ್ಸ್ ಅಂತ ಗಾಳಿ ಎಳೆಯುತ್ತದೆ, ಮತ್ತೆ ಸ್ಟಾರ್ಟ್ ಆಗುತ್ತದೆ ಅಂದರೆ ಟ್ಯಾಂಕಿಗೆ ಗಾಳಿ ಹೋಗುವ ವೆಂಟ್ ಕಟ್ಟಿದೆ. ಟ್ಯಾಂಕಿನೊಳಗಿನ ಪೆಟ್ರೋಲ್ ಫಿಲ್ಟರನ್ನು ತಂತಿಯ ಕೊಕ್ಕೆಯಿಂದ ಎಳೆದು ನೋಡಿ. ಕಪ್ಪಾಗಿದ್ದರೆ ಬದಲಾಯಿಸಿ. ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಇದ್ದರೆ ಬಗ್ಗಿಸಿದಾಗಲೇ ಕಾಣುವುದು. ಸೈಲೆನ್ಸರ್ ಜಾಲರಿಯಲ್ಲಿ ಮಸಿ ಕಟ್ಟಿದ್ದರೆ ಎಷ್ಟು ಹದ ಮಾಡಿದರೂ ಶಕ್ತಿ ಬರುವುದಿಲ್ಲ.

ಇಷ್ಟೆಲ್ಲ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ ಏಳೆಂಟು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ಪೆಟ್ರೋಲ್ ತುಂಬಿ ಹೋಗಿದೆ. ಒಣಗಿದ್ದರೆ ಪ್ಲಗ್ ತೂತಿನಲ್ಲಿ ಬೆರೆಸಿದ ಪೆಟ್ರೋಲ್ ನಾಲ್ಕೈದು ಹನಿ ಬಿಟ್ಟು, ಪ್ಲಗ್ ಬಿಗಿ ಮಾಡಿ, ಸುತ್ತ ಚೆಲ್ಲಿದ್ದನ್ನು ಒರೆಸಿ ಎಳೆಯಿರಿ. ಎರಡು ಸೆಕೆಂಡ್ ಓಡಿ ಸತ್ತರೆ ಆಗ ಕಾರ್ಬೊರೇಟರ್ ಕಡೆಗೆ ಕೈ ಹಾಕಬಹುದು.

ಮೂರು ಸ್ಕ್ರೂ, ಒಂದು ಕಿವಿ

ಚೈನ್ ಸಾ ಕಾರ್ಬೊರೇಟರ್ ಹಳೆಯ ಬೈಕಿನದ್ದರಂತಲ್ಲ. ಬೈಕಿನದರಲ್ಲಿ ತೇಲುವ ಫ್ಲೋಟ್ ಇರುತ್ತದೆ, ಅದನ್ನು ತಲೆಕೆಳಗು ಮಾಡುವ ಹಾಗಿಲ್ಲ. ಚೈನ್ ಸಾ ಮಾತ್ರ ಅಡ್ಡ, ಉದ್ದ, ಮೇಲುಕೆಳಗೆ ಹೇಗೆ ಹಿಡಿದರೂ ಓಡಬೇಕು. ಅದಕ್ಕೆ ಇದರಲ್ಲಿ ಫ್ಲೋಟ್ ಬದಲು ಎರಡು ತೆಳ್ಳನೆಯ ಪೊರೆಗಳಿವೆ, ಇವೇ ಡಯಾಫ್ರಾಮ್. ಒಂದು ಪಂಪಿನ ಹಾಗೆ ಕೆಲಸ ಮಾಡಿ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇಂಜಿನ್ ಒಳಗಿನ ಒತ್ತಡದ ಏರಿಳಿತವೇ ಅದನ್ನು ಕುಣಿಸುವುದು. ಇನ್ನೊಂದು, ಎಷ್ಟು ಪೆಟ್ರೋಲ್ ಒಳಗೆ ಬಿಡಬೇಕು ಅಂತ ಅಳೆಯುತ್ತದೆ. ಚೈನ್ ಸಾಗಳಿಗೆ ಬರುವ ವಾಲ್ಬ್ರೊ, ಜಾಮಾ ಕಂಪನಿಗಳ ಕಾರ್ಬೊರೇಟರ್‌ಗಳು ಈ ಜಾತಿಯವೇ. ಹುಲ್ಲು ಹೊಡೆಯುವ ಟು-ಸ್ಟ್ರೋಕ್ ಮಿಷನ್‌ಗಳಲ್ಲೂ ಹೆಚ್ಚಾಗಿ ಇರುವುದು ಇದೇ.

ಸ್ಕ್ರೂಗಳಲ್ಲಿ ಎಲ್ ಅಂದರೆ ನಿಧಾನ ಓಟದ ಪೆಟ್ರೋಲ್. ಎಚ್ ಅಂದರೆ ಪೂರ್ತಿ ಥ್ರಾಟಲ್‌ನ ಪೆಟ್ರೋಲ್. ಎರಡನ್ನೂ ಬಲಕ್ಕೆ ತಿರುಗಿಸಿದರೆ ಪೆಟ್ರೋಲ್ ಕಡಿಮೆ, ಎಡಕ್ಕೆ ತಿರುಗಿಸಿದರೆ ಜಾಸ್ತಿ. ಎಲ್‌ಎ ಅಥವಾ ಟಿ ಅಂತ ಬರೆದಿರುವುದು ಐಡ್ಲಿಂಗ್, ಅಂದರೆ ಥ್ರಾಟಲ್ ಬಿಟ್ಟಾಗಿನ ಓಟದ ಸ್ಕ್ರೂ. ಅದಕ್ಕೆ ಪೆಟ್ರೋಲ್ ಸಂಬಂಧ ಇಲ್ಲ, ಥ್ರಾಟಲ್ ಎಷ್ಟು ತೆರೆದು ನಿಲ್ಲಬೇಕು ಅಂತ ಅಷ್ಟೇ. ಸಣ್ಣ ಮಿಷನ್‌ಗಳ ಕೆಲವು ಮಾದರಿಗಳಲ್ಲಿ ಎಲ್‌ಎ ಒಂದೇ ಇರುತ್ತದೆ. ಸ್ಟಿಲ್‌ನ ಎಂ-ಟ್ರಾನಿಕ್, ಹಸ್ಕ್ವರ್ನಾದ ಆಟೊಟ್ಯೂನ್ ಇರುವ ಮಿಷನ್‌ಗಳು ತಾವೇ ಹದ ಮಾಡಿಕೊಳ್ಳುತ್ತವೆ. ಅವುಗಳನ್ನು ಹೊರಗಿನಿಂದ ಹೀಗೆ ತಿರುಗಿಸಲು ಬರುವುದಿಲ್ಲ.

ಶುರು ಮಾಡುವ ಮೊದಲು ಒಂದು ಚೀಟಿ, ಪೆನ್ನು ಇಟ್ಟುಕೊಳ್ಳಿ. ಮಿಷನ್ ಆಫ್ ಇರುವಾಗ ಎಚ್ ಸ್ಕ್ರೂವನ್ನು ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಕೂತಿತು ಅಂತ ಎಣಿಸಿ ಬರೆಯಿರಿ. ಎಲ್‌ಗೂ ಹಾಗೆಯೇ. ಏನೇ ಎಡವಟ್ಟಾದರೂ ಈ ಲೆಕ್ಕಕ್ಕೆ ವಾಪಸ್ ಬರಬಹುದು. ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ, ತಡೆದ ಕೂಡಲೇ ನಿಲ್ಲಿಸಿ. ಬಿಗಿ ಮಾಡಿದರೆ ಸ್ಕ್ರೂವಿನ ಸೂಜಿಯಂಥ ಮೊನೆ ಕಾರ್ಬೊರೇಟರ್ ಮೈಯನ್ನೇ ಕೊರೆಯುತ್ತದೆ. ಕೂತ ಮೇಲೆ ಎರಡನ್ನೂ ಒಂದೊಂದು ಸುತ್ತು ಎಡಕ್ಕೆ ಬಿಡಿ. ಹೆಚ್ಚಿನ ಮಿಷನ್‌ಗಳು ಇಷ್ಟರಲ್ಲಿ ಸ್ಟಾರ್ಟ್ ಆಗುತ್ತವೆ. ಮ್ಯಾನುಯಲ್‌ನಲ್ಲಿ ಬೇರೆ ಲೆಕ್ಕ ಇದ್ದರೆ ಅದೇ ಸರಿ.

ಬಾರ್ (ಚೈನ್ ಸುತ್ತುವ ಉದ್ದದ ಪಟ್ಟಿ), ಚೈನ್ ಹಾಕಿರಬೇಕು. ಫಿಲ್ಟರ್, ಅದರ ಕವರ್ ಎರಡೂ ಜಾಗದಲ್ಲಿರಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ. ಹೌದು, ಕಿವಿ ಮುಚ್ಚಿದ್ದರೂ ಮಿಷನ್ ಸದ್ದಿನ ವ್ಯತ್ಯಾಸ ಚೆನ್ನಾಗಿಯೇ ಕೇಳುತ್ತದೆ. ಒಂದೆರಡು ಕೊಯ್ತ ಕೊಯ್ದು ಮಿಷನ್ ಬಿಸಿ ಮಾಡಿ. ತಣ್ಣಗಿನ ಇಂಜಿನ್‌ಗೆ ಮಾಡಿದ ಹದ ಬಿಸಿಯಾದ ಮೇಲೆ ಉಳಿಯುವುದಿಲ್ಲ.

ಮೊದಲು ಎಲ್. ಮಿಷನ್ ಸುಮ್ಮನೆ ಓಡುತ್ತಿರುವಾಗ ಎಲ್ ಅನ್ನು ನಿಧಾನವಾಗಿ ಬಲಕ್ಕೆ ತಿರುಗಿಸಿ. ಓಟ ಸ್ವಲ್ಪ ಏರಿ, ಆಮೇಲೆ ತಡವರಿಸುತ್ತದೆ. ಈಗ ಎಡಕ್ಕೆ ತನ್ನಿ. ಮತ್ತೆ ಏರಿ, ಆಮೇಲೆ ಗೊರಗುಟ್ಟಿ ಇಳಿಯುತ್ತದೆ. ಇವೆರಡರ ನಡುವೆ ಓಟ ಎಲ್ಲಿ ಅತಿ ಜೋರೋ ಅಲ್ಲಿ ನಿಲ್ಲಿಸಿ, ಅಲ್ಲಿಂದ ಅರೆಕಾಲು ಸುತ್ತು ಎಡಕ್ಕೆ ಬಿಡಿ. ಅರೆಕಾಲು ಅಂದರೆ ಕಾಲು ಸುತ್ತಿನ ಅರ್ಧ. ಥ್ರಾಟಲ್ ಥಟ್ಟನೆ ಒತ್ತಿ ನೋಡಿ. ತಟಸ್ಥವಾಗಿ ನಿಂತು, ಉಸಿರು ಕಟ್ಟಿದಂತೆ ಆಗಿ ಆಮೇಲೆ ಎದ್ದರೆ ಇನ್ನೊಂದು ಚೂರು ಎಡಕ್ಕೆ. ಹೊಗೆ ಬಿಟ್ಟುಕೊಂಡು ಸೋಮಾರಿಯ ಹಾಗೆ ಎದ್ದರೆ ಒಂದು ಚೂರು ಬಲಕ್ಕೆ.

ಆಮೇಲೆ ಎಲ್‌ಎ. ಥ್ರಾಟಲ್ ಬಿಟ್ಟಾಗ ಚೈನ್ ತಿರುಗಲೇಬಾರದು, ಇಂಜಿನ್ ಸಾಯಲೂಬಾರದು. ಐಡ್ಲಿಂಗ್ ಸುಮಾರು 2,700ರಿಂದ 3,000 ಆರ್‌ಪಿಎಂ ಇರುವ ಮಿಷನ್‌ಗಳೇ ಜಾಸ್ತಿ. ಚೈನ್ ತೆವಳುತ್ತಿದ್ದರೆ ಚೈನ್ ನಿಲ್ಲುವ ತನಕ ಸ್ಕ್ರೂ ಎಡಕ್ಕೆ ಬಿಟ್ಟು, ಇನ್ನೂ ಸ್ವಲ್ಪ ಬಿಡಿ. ಮರ ಹತ್ತಿ ಕೊಂಬೆ ಕುಯ್ಯುವವರ ಕೈಯಲ್ಲಿ ತೆವಳುವ ಚೈನ್ ಇರಲೇಬಾರದು.

ಕೊನೆಗೆ ಎಚ್. ಇಲ್ಲಿ ಕಿವಿಯೇ ಗುರು. ಮಿಷನ್ ಗಾಳಿಯಲ್ಲಿ ಹಿಡಿದು ಪೂರ್ತಿ ಥ್ರಾಟಲ್ ಕೊಡಿ, ಮೂರು ನಾಲ್ಕು ಸೆಕೆಂಡ್ ಮಾತ್ರ. ಎಚ್ ಸ್ವಲ್ಪ ಎಡಕ್ಕಿದ್ದಾಗ ಗಂಟಲಲ್ಲಿ ಕಫ ಕಟ್ಟಿದ ಹಾಗೆ ಗೊರಗೊರ ಸದ್ದು ಬರುತ್ತದೆ. ಪೆಟ್ರೋಲ್ ಜಾಸ್ತಿಯಾಗಿ ಕೆಲವು ಸುತ್ತುಗಳಲ್ಲಿ ಸರಿಯಾಗಿ ಉರಿಯದೆ ಹೋಗುವ ಸದ್ದು ಅದು. ಥ್ರಾಟಲ್ ಬಿಟ್ಟು, ಅರೆಕಾಲು ಸುತ್ತು ಬಲಕ್ಕೆ ತಿರುಗಿಸಿ, ಮತ್ತೆ ಕೇಳಿ. ಹೀಗೆ ಮಾಡುತ್ತಾ ಹೋದರೆ ಗೊರಗೊರ ತೆಳುವಾಗುತ್ತದೆ. ಒಂದು ಹಂತದಲ್ಲಿ ಪೂರ್ತಿ ಮಾಯವಾಗಿ ಶುದ್ಧವಾದ ಕೀಂ ಅನ್ನುವ ಸದ್ದು ಬರುತ್ತದೆ. ಆ ಕೀಂ ನಮಗೆ ಬೇಡ. ನನ್ನ ಪಿಸ್ಟನ್ ತಿಂದದ್ದು ಅದೇ. ಅಲ್ಲಿಂದ ವಾಪಸ್ ಎಡಕ್ಕೆ ಬಂದು, ಗೊರಗೊರ ಸಣ್ಣಗೆ ಕೇಳುವ ಜಾಗದಲ್ಲಿ ನಿಲ್ಲಿಸಿ.

ಈಗ ಮರಕ್ಕೆ ಇಡಿ. ಚೈನ್ ಮರ ಕಚ್ಚಿದ ಕೂಡಲೇ ಗೊರಗೊರ ಹೋಗಿ ಸದ್ದು ಶುದ್ಧವಾಗಬೇಕು. ಮರದಿಂದ ಎತ್ತಿದ ಕೂಡಲೇ ಮತ್ತೆ ಗೊರಗುಟ್ಟಬೇಕು. ಇದೇ ಹದ. ಮರದೊಳಗೂ ಗೊರಗುಟ್ಟಿದರೆ ಒಂದು ಚೂರು ಬಲಕ್ಕೆ. ಎತ್ತಿದಾಗ ಗೊರಗೊರ ಕೇಳದಿದ್ದರೆ ತಕ್ಷಣ ಎಡಕ್ಕೆ. ಇ20 ಹಾಕುತ್ತಿದ್ದರೆ ಗೊರಗೊರ ಸ್ವಲ್ಪ ಧಾರಾಳವಾಗಿಯೇ ಇರಲಿ.

ಒಂದು ಎಚ್ಚರಿಕೆ ಇದೆ. ಕೆಲವು ಹೊಸ ಮಿಷನ್‌ಗಳ ಕಾಯಿಲ್, ವೇಗ ಮಿತಿ ಮೀರಿದಾಗ ಕಿಡಿಯನ್ನು ಕತ್ತರಿಸುತ್ತದೆ. ಆಗ ಬರುವ ತಡವರಿಕೆ ಸದ್ದೂ ಹೆಚ್ಚು ಕಡಿಮೆ ಹೀಗೆಯೇ ಕೇಳುತ್ತದೆ. ಲೀನ್ ಆದ ಮಿಷನ್ ರಿಚ್ ಅಂತ ಅನಿಸಿಬಿಡುತ್ತದೆ. ನಿಮ್ಮದು ಅಂಥದ್ದಾದರೆ ಕಿವಿ ಸಾಲದು. ಪ್ಲಗ್ ವೈರಿಗೆ ಸುತ್ತಿ ಇಂಜಿನ್ ವೇಗ ಅಳೆಯುವ ಟ್ಯಾಕೊಮೀಟರ್ ತಂದು, ಮ್ಯಾನುಯಲ್‌ನಲ್ಲಿ ಕೊಟ್ಟ ವೇಗಕ್ಕಿಂತ ಕೆಳಗೆ ಇರುವಂತೆ ಎಚ್ ಇಡಿ.

ಎಲ್ಲ ಮುಗಿದ ಮೇಲೆ ಮಿಷನ್ ಸುಮ್ಮನೆ ಓಡುತ್ತಿರುವಾಗ ಎಡಕ್ಕೆ, ಬಲಕ್ಕೆ ವಾಲಿಸಿ, ಬಾರ್ ಕೆಳಗೆ ಮಾಡಿ ನೋಡಿ. ಸದ್ದು ಬದಲಾಗಬಾರದು. ಥ್ರಾಟಲ್ ಬಿಟ್ಟ ಮೇಲೂ ವೇಗ ಇಳಿಯಲು ತಡ ಮಾಡಿದರೆ, ಅಥವಾ ಇವತ್ತು ಮಾಡಿದ ಹದ ನಾಳೆ ಇಲ್ಲವಾದರೆ, ಎಲ್ಲೋ ಗಾಳಿ ಸೋರುತ್ತಿದೆ. ಕಾರ್ಬೊರೇಟರ್ ಮತ್ತು ಸಿಲಿಂಡರ್ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು, ಕ್ರ್ಯಾಂಕ್ ಸೀಲ್ ಹೋಗಿರಬಹುದು. ಸ್ಕ್ರೂನಿಂದ ಅದನ್ನು ಸರಿದೂಗಿಸಲು ಹೋಗಬೇಡಿ.

ಬಿಚ್ಚಲೇಬೇಕಾದಾಗ

ಹದಕ್ಕೆ ಬಾರದಿದ್ದರೆ, ಪೆಟ್ರೋಲ್ ಸೋರುತ್ತಿದ್ದರೆ, ಪ್ಲಗ್ ಒಣಗಿಯೇ ಇದ್ದರೆ ಬಿಚ್ಚೋಣ. ಇಂಜಿನ್ ಪೂರ್ತಿ ತಣ್ಣಗಾಗಿರಲಿ, ಪ್ಲಗ್ ಕ್ಯಾಪ್ ತೆಗೆದಿಡಿ. ಹತ್ತಿರ ಒಲೆ, ಬೀಡಿ ಏನೂ ಇರಬಾರದು. ಮೊದಲು ಹೊರಗಿನ ಹೊಟ್ಟು, ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಥ್ರಾಟಲ್ ಕಡ್ಡಿ ಯಾವ ತೂತಿನಲ್ಲಿತ್ತು ಅನ್ನುವುದು ಸಂಜೆಯ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕೆಲಸ ಮಾಡುವುದು ಅಂಚಿರುವ ಊಟದ ತಟ್ಟೆಯ ಮೇಲೆ, ಅದರಲ್ಲಿ ಬಿಳಿ ಬಟ್ಟೆ ಹಾಸಿ. ಒಳಗಿರುವ ಒಂದು ಸ್ಪ್ರಿಂಗ್ ಅಕ್ಕಿ ಕಾಳಿನಷ್ಟಿರುತ್ತದೆ. ಅಂಗಳದಲ್ಲಿ ಹಾರಿದರೆ ಸಿಗುವುದಿಲ್ಲ.

ಹೆಚ್ಚಿನವುಗಳಲ್ಲಿ ಒಂದೇ ಸ್ಕ್ರೂ ಇರುವ ಕವರ್ ಪಂಪಿನ ಕಡೆಯದ್ದು. ಅದರಡಿ ಸಣ್ಣ ನಾಲಿಗೆಗಳಿರುವ ಪೊರೆ, ಅದರ ಕೆಳಗೆ ಗುಂಡುಸೂಜಿ ತಲೆಗಿಂತ ಸ್ವಲ್ಪ ದೊಡ್ಡ ಜಾಲರಿ. ಪೆಟ್ರೋಲ್ ಬಾರದಿರಲು ಎಷ್ಟೋ ಸಲ ಈ ಜಾಲರಿಯೇ ಕಾರಣ. ನಾಲ್ಕು ಸ್ಕ್ರೂ ಇರುವುದು ಅಳತೆಯ ಕಡೆ. ಅಲ್ಲಿನ ಡಯಾಫ್ರಾಮ್ ಎತ್ತಿ ಬೆರಳುಗಳ ನಡುವೆ ಹಿಡಿದು ನೋಡಿ. ಹೊಸದು ಬಾಡಿಸಿದ ಬಾಳೆಎಲೆಯ ಹಾಗೆ ಮೆತ್ತಗೆ ಬಾಗುತ್ತದೆ. ಕೆಟ್ಟದ್ದು ಒಣಗಿದ ಅಡಿಕೆ ಹಾಳೆಯಂತೆ ಸೆಟೆದು ನಿಂತು, ಒತ್ತಿದರೆ ಚರಚರ ಅನ್ನುತ್ತದೆ. ಹಾಗಿದ್ದರೆ ಸ್ವಚ್ಛ ಮಾಡಿ ಪ್ರಯೋಜನವಿಲ್ಲ, ರಿಪೇರಿ ಕಿಟ್ ತರಬೇಕು. ಕಾರ್ಬೊರೇಟರ್ ಮೈ ಮೇಲೆ ಕೊರೆದಿರುವ ನಂಬರ್ ಬರೆದುಕೊಂಡು ಅಂಗಡಿಗೆ ಹೋಗಿ. ಮಿಷನ್ ಹೆಸರು ಹೇಳಿದರೆ ಬೇರೆ ಕಿಟ್ ಸಿಗುವ ಸಾಧ್ಯತೆ ಇದೆ.

ಡಯಾಫ್ರಾಮ್ ಕೆಳಗೆ ಏತದ ಹಾಗೆ ಏರಿ ಇಳಿಯುವ ಪುಟ್ಟ ಲಿವರ್. ಅದರ ಒಂದು ತುದಿಯಲ್ಲಿ ಸೂಜಿ, ಇನ್ನೊಂದು ಕಡೆ ಆ ಅಕ್ಕಿ ಕಾಳಿನ ಸ್ಪ್ರಿಂಗ್. ಬಿಚ್ಚುವ ಮೊದಲು ಲಿವರ್ ಎತ್ತರ ಎಷ್ಟಿದೆ ಅಂತ ಫೋಟೊ ತೆಗೆದಿಡಿ. ತುಂಬ ಎತ್ತರವಾದರೆ ಪೆಟ್ರೋಲ್ ತುಂಬಿ ಹರಿಯುತ್ತದೆ, ತಗ್ಗಾದರೆ ಸಾಲದೆ ಹೋಗುತ್ತದೆ. ಸೂಜಿಯ ಮೊನೆಯನ್ನು ಬೆಳಕಿಗೆ ಹಿಡಿಯಿರಿ. ಸುತ್ತ ಉಂಗುರದಂತೆ ಗೆರೆ ಬಿದ್ದಿದ್ದರೆ ಬದಲಾಯಿಸಿ.

ಎಲ್ಲ ರಬ್ಬರ್, ಪೊರೆಗಳನ್ನು ಪಕ್ಕಕ್ಕಿಟ್ಟು, ಎಚ್ ಮತ್ತು ಎಲ್ ಸ್ಕ್ರೂಗಳನ್ನೂ ಹೊರತೆಗೆದು, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕನ್ನಡಕ ಹಾಕಿರಿ, ಒಂದು ತೂತಿಗೆ ಹೊಡೆದದ್ದು ಇನ್ನೊಂದರಿಂದ ನೇರ ಕಣ್ಣಿಗೆ ಬರುತ್ತದೆ. ಎಲ್ ತೂತಿನಲ್ಲಿ ಹೊಡೆದಾಗ ಥ್ರಾಟಲ್ ತಟ್ಟೆಯ ಪಕ್ಕದ ಸಣ್ಣ ತೂತುಗಳಿಂದ ಹೊರಬರಬೇಕು. ಬಾರದಿದ್ದರೆ ನೆನೆಸಿಟ್ಟು ಮತ್ತೆ ಹೊಡೆಯಿರಿ. ತಂತಿ, ಸೂಜಿ ಹಾಕಿ ಚುಚ್ಚಬೇಡಿ. ತೂತು ಕೂದಲೆಳೆಯಷ್ಟು ದೊಡ್ಡದಾದರೂ ಆ ಕಾರ್ಬೊರೇಟರ್ ಮತ್ತೆ ಹದಕ್ಕೆ ಬರುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೂ ಬೇಡ, ಕೆಲವದರ ಒಳಗೆ ನಾಜೂಕಾದ ವಾಲ್ವ್ ಇರುತ್ತದೆ.

ಜೋಡಿಸುವಾಗ ಗ್ಯಾಸ್ಕೆಟ್ (ಸಂದು ಸೋರದಂತೆ ಇಡುವ ತೆಳು ಹಾಳೆ) ಕ್ರಮ ತಪ್ಪುವುದೇ ಜಾಸ್ತಿ. ಸಾಮಾನ್ಯವಾಗಿ ಅಳತೆಯ ಕಡೆ ಮೊದಲು ಗ್ಯಾಸ್ಕೆಟ್, ಮೇಲೆ ಡಯಾಫ್ರಾಮ್. ಪಂಪಿನ ಕಡೆ ಮೊದಲು ಪೊರೆ, ಮೇಲೆ ಗ್ಯಾಸ್ಕೆಟ್. ನಿಮ್ಮ ಫೋಟೊದಲ್ಲಿ ಬೇರೆ ಇದ್ದರೆ ಫೋಟೊವನ್ನೇ ನಂಬಿ. ಲಿವರ್ ತುದಿ ಕವಲೊಡೆದಿದ್ದರೆ ಡಯಾಫ್ರಾಮ್‌ನ ಗುಂಡಿ ಆ ಕವಲಿಗೆ ಸಿಕ್ಕಿಕೊಳ್ಳಬೇಕು. ಅಳತೆಯ ಕವರಿನ ಮಧ್ಯದ ಸಣ್ಣ ತೂತು ತೆರೆದಿರಬೇಕು. ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿದ್ದನ್ನು ನಾನೇ ತೆಗೆದಿದ್ದೇನೆ.

ಈಗ ಎರಡನೇ ಸಿರಿಂಜ್. ಪೆಟ್ರೋಲ್ ಬರುವ ಮೂತಿಗೆ ಸಣ್ಣ ಪೈಪಿನಲ್ಲಿ ಖಾಲಿ ಸಿರಿಂಜ್ ಸಿಕ್ಕಿಸಿ ಮೆಲ್ಲಗೆ ಒತ್ತಿ ಹಿಡಿಯಿರಿ. ಒತ್ತಡ ನಿಲ್ಲಬೇಕು. ಬೆರಳಿನಡಿ ಸಿರಿಂಜ್ ನಿಧಾನಕ್ಕೆ ಮುಂದೆ ಹೋಗುತ್ತಲೇ ಇದ್ದರೆ ಸೂಜಿ ಸರಿಯಾಗಿ ಕೂತಿಲ್ಲ ಅಥವಾ ಪಂಪಿನ ಕವರ್ ಸೋರುತ್ತಿದೆ. ಮಿಷನ್‌ಗೆ ಜೋಡಿಸುವ ಮೊದಲೇ ಇದು ಗೊತ್ತಾಗುವುದು ಎಷ್ಟು ಒಳ್ಳೆಯದು, ಅಲ್ವಾ? ಆಮೇಲೆ ಸ್ಕ್ರೂಗಳನ್ನು ಒಂದು ಸುತ್ತಿಗೆ ಇಟ್ಟು, ಮೇಲೆ ಹೇಳಿದಂತೆ ಹದ ಮಾಡಿ. ಅಗ್ಗದ 52, 58 ಸಿಸಿ ಮಿಷನ್‌ಗಳಿಗೆ ಹೊಸ ಕಾರ್ಬೊರೇಟರೇ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅವುಗಳಲ್ಲಿ ಸೂಜಿ ಕೂರುವ ಸೀಟು ಸವೆದಿದ್ದರೆ ಕಿಟ್‌ಗೆ ದುಡ್ಡು ಹಾಕಬೇಡಿ.

ಜಾಗ, ಕಾಲ ಬದಲಾದರೆ

ಎತ್ತರದಲ್ಲಿ ಗಾಳಿ ತೆಳು, ತಗ್ಗಿನಲ್ಲಿ ದಟ್ಟ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಹದ ಮಾಡಿದ ಮಿಷನ್ ಮಂಗಳೂರಿಗೆ ಇಳಿಸಿದರೆ ಲೀನ್ ಆಗುತ್ತದೆ. ಕೂಲಿಗೆ ಮಿಷನ್ ಹೊತ್ತು ಘಟ್ಟ ಇಳಿಯುವವರು ಮೊದಲ ಕೊಯ್ತಕ್ಕೆ ಮುಂಚೆ ಎಚ್ ಸ್ವಲ್ಪ ಎಡಕ್ಕೆ ಬಿಟ್ಟು ಗೊರಗೊರ ಕೇಳಿಕೊಳ್ಳಬೇಕು. ಚಳಿಯ ಗಾಳಿಯೂ ದಟ್ಟ, ಹಾಗಾಗಿ ಏಪ್ರಿಲ್ ಮಧ್ಯಾಹ್ನದ ಹದಕ್ಕೂ ಡಿಸೆಂಬರ್ ಬೆಳಗಿನ ಚಳಿಗೂ ಇದೇ ಲೆಕ್ಕ.

ಒಂದು ತಿಂಗಳು ಮಿಷನ್ ಬೇಡ ಅಂದರೆ ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ, ತಾನಾಗಿ ಸಾಯುವ ತನಕ ಐಡ್ಲಿಂಗ್‌ನಲ್ಲೇ ಓಡಿಸಿ. ಒಳಗೆ ಪೆಟ್ರೋಲ್ ಉಳಿದು ಅಂಟು ಕಟ್ಟುವುದು ತಪ್ಪುತ್ತದೆ. ಇನ್ನು ಏರ್ ಫಿಲ್ಟರ್ ಕವರಿನ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಡಿ: ಎಚ್ ಎಷ್ಟು ಸುತ್ತು, ಎಲ್ ಎಷ್ಟು ಸುತ್ತು, ಯಾವ ತಾರೀಕು, ಯಾವ ಪೆಟ್ರೋಲ್. ನನ್ನದರಲ್ಲಿ ಈಗ ಇರುವುದು ಎಚ್ ಒಂದೂಕಾಲು, ಎಲ್ ಒಂದು ಅರೆಕಾಲು, ಇ20.